ಮೋಡವನ್ನಟ್ಟುವ ಯಂತ್ರಗಳು

ಖಂಭಾತ್ ಕೊಲ್ಲಿಯಲ್ಲಿ ಗಾಳಿಯಂತ್ರಗಳನ್ನು ನೆಟ್ಟರೆ ಗುಜರಾತಿಗೆ ಬರಬೇಕಾದ ಮುಂಗಾರಿನ ಮೋಡಗಳು ಕಡಲಿನ ಮೇಲೆಯೇ ಚದುರಿ ಬೇರೆ ದಿಕ್ಕು ಹಿಡಿಯುವುವೆಂಬ ಮಾತನ್ನು ಅಹಮದಾಬಾದಿನ ಚಹದ ಅಂಗಡಿಯಲ್ಲಿಯೂ ಕೇಳಬಹುದು, ನಿವೃತ್ತ ಇಂಜಿನಿಯರರ ಮನೆಯ ಜಗಲಿಯಲ್ಲಿಯೂ ಕೇಳಬಹುದು; ಮೊದಲನೆಯ ಕಡೆ ಅದು ಸಂಶಯದ ರೂಪದಲ್ಲಿರುತ್ತದೆ, ಎರಡನೆಯ ಕಡೆ ಸಿದ್ಧಾಂತದ ರೂಪದಲ್ಲಿ. ಕನ್ನಡಿಗನಾದ ನನಗೆ ಇದು ಹಳೆಯ ಪರಿಚಯ. ಗದಗಿನ ಕಪ್ಪತಗುಡ್ಡದ ಸುತ್ತಿನ ಊರುಗಳಲ್ಲಿಯೂ ಚಿತ್ರದುರ್ಗದ ಬೆಟ್ಟಗಳ ತಪ್ಪಲಿನಲ್ಲಿಯೂ, ಫ್ಯಾನು ಬಂದ ಮೇಲೆ ಮಳೆ ಹೋಯಿತೆಂಬ ದೂರು ಬಹುಕಾಲದಿಂದ ಇದೆ. ಈ ಶತಮಾನದ ಆರಂಭದ ಬರಗಾಲದ ವರ್ಷಗಳಲ್ಲಿ ಸಾಂಗ್ಲಿ, ಸಾತಾರಾ ಸೀಮೆಗಳ ರೈತರು ಇದೇ ಕಾರಣ ಕೊಟ್ಟು ಪ್ರತಿಭಟಿಸಿದ್ದೂ ಉಂಟು. ಬಿತ್ತಿದ ಬೀಜ ಕಣ್ಣೆದುರಿನಲ್ಲಿ ಒಣಗುತ್ತಿರುವಾಗ ಆ ರೈತನು ಬೆಟ್ಟದ ಮೇಲೆ ತಿರುಗುವ ರೆಕ್ಕೆಗಳನ್ನು ಶಪಿಸಿದರೆ ಅವನನ್ನು ಕ್ಷಮಿಸಬಹುದು. ಪದವಿಗಳನ್ನು ಗಳಿಸಿ, ನಳದ ನೀರು ಕುಡಿದು, ಮಳೆಯ ಹಂಗಿಲ್ಲದೆ ಬದುಕುವ ನಗರವಾಸಿಯು ಅದೇ ಮಾತನ್ನು ಮೊಬೈಲಿನಲ್ಲಿ ಮುಂದಕ್ಕೆ ಕಳುಹಿಸುವುದನ್ನು ಕ್ಷಮಿಸುವುದು ಕಷ್ಟ.

ವಿನೋದವೆಂದರೆ, ಖಂಭಾತಿನ ಆಪಾದಿತ ಯಂತ್ರವು ಇನ್ನೂ ಹುಟ್ಟಿಯೇ ಇಲ್ಲ. ಕಡಲ ಗಾಳಿಯಿಂದ ವಿದ್ಯುತ್ತನ್ನು ಪಡೆಯುವ ರಾಷ್ಟ್ರೀಯ ನೀತಿಯು 2015ರಲ್ಲಿ ಪ್ರಕಟವಾಯಿತು. 2017ರಲ್ಲಿ ಚೆನ್ನೈಯ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯು ಪೀಪಾವಾವ್ ಬಂದರಿನಾಚೆಯ ನೀರಿನಲ್ಲಿ ಗಾಳಿಯ ವೇಗವನ್ನಳೆಯುವ ಲೈಡಾರ್ ಉಪಕರಣವನ್ನು ನಿಲ್ಲಿಸಿತು. 2022ರೊಳಗೆ 5,000 ಮೆಗಾವಾಟ್ ಎಂದು 2018ರಲ್ಲಿ ಘೋಷಣೆಯಾಯಿತು. ಆ ವರ್ಷ ಬಂದು ಹೋಯಿತು, ಒಂದು ಮೆಗಾವಾಟೂ ಬರಲಿಲ್ಲ. 2024ರ ಜೂನಿನಲ್ಲಿ ಕೇಂದ್ರ ಸಚಿವ ಸಂಪುಟವು ಗುಜರಾತ್ ಮತ್ತು ತಮಿಳುನಾಡುಗಳ ಕಡಲಿನಲ್ಲಿ ತಲಾ 500 ಮೆಗಾವಾಟಿಗೆಂದು 7,453 ಕೋಟಿ ರೂಪಾಯಿಗಳ ನೆರವಿನ ಯೋಜನೆಯನ್ನು ಅಂಗೀಕರಿಸಿದೆ. ಡೆನ್ಮಾರ್ಕಿನವರು 1991ರಲ್ಲಿಯೇ ವಿಂಡೆಬಿಯ ಕಡಲಿನಲ್ಲಿ ಹನ್ನೊಂದು ಯಂತ್ರಗಳನ್ನು ನೆಟ್ಟು, ಕಾಲು ಶತಮಾನ ದುಡಿಸಿ, ಆಯುಸ್ಸು ತೀರಿದ ಮೇಲೆ ಕಿತ್ತೂ ಹಾಕಿದ್ದಾರೆ. ನಮ್ಮ ಕೊಲ್ಲಿಯಲ್ಲಿ ಮೊದಲನೆಯದರ ಅಸ್ತಿಭಾರವೇ ಆಗಿಲ್ಲ, ಆದರೆ ಅದು ಮಳೆಯನ್ನು ಕದ್ದ ಅಪವಾದ ಮಾತ್ರ ಸಿದ್ಧವಾಗಿದೆ.

ಈಗ ಲೆಕ್ಕವನ್ನು ನೋಡೋಣ. ಇಂದಿನ ದೊಡ್ಡ ಯಂತ್ರಗಳ ರೆಕ್ಕೆಯ ತುದಿಯು ನೀರಿನಿಂದ ಸುಮಾರು 250 ಮೀಟರು ಎತ್ತರವನ್ನು ಮುಟ್ಟುತ್ತದೆ. ಅರಬ್ಬಿ ಸಮುದ್ರವನ್ನು ದಾಟಿ ಬರುವ ನೈಋತ್ಯ ಪ್ರವಾಹವಾದರೋ ಹಲವು ಕಿಲೋಮೀಟರು ದಪ್ಪವಾಗಿದ್ದು, ಅದರ ವೇಗವು ಪರಾಕಾಷ್ಠೆಯನ್ನು ಮುಟ್ಟುವುದು ಸುಮಾರು ಒಂದೂವರೆ ಕಿಲೋಮೀಟರಿನ ಎತ್ತರದಲ್ಲಿ. ತನ್ನ ರೆಕ್ಕೆಗಳ ವೃತ್ತದೊಳಗೆ ಹಾಯುವ ಗಾಳಿಯ ಶಕ್ತಿಯಲ್ಲಿ ನೂರಕ್ಕೆ ಐವತ್ತೊಂಬತ್ತು ಪಾಲಿಗಿಂತ ಹೆಚ್ಚನ್ನು ಯಾವ ಯಂತ್ರವೂ ಹೀರಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರ ಸುಮಾರಿನಲ್ಲಿಯೇ ತೋರಿಸಿದ್ದಾನೆ. ವೃತ್ತದ ಹೊರಗೆ ಹಾಯುವ ಗಾಳಿಯಿಂದ ಯಂತ್ರವು ನೇರವಾಗಿ ಏನನ್ನೂ ಹೀರದು. 500 ಮೆಗಾವಾಟಿನ ಇಡೀ ಸ್ಥಾವರವು ತನ್ನ ಸಾಮರ್ಥ್ಯದ ಹತ್ತರಲ್ಲಿ ನಾಲ್ಕು ಪಾಲಿನಂತೆ ನಡೆಯಿತೆಂದು ಇಟ್ಟುಕೊಂಡರೆ ದಿನಕ್ಕೆ 48 ಲಕ್ಷ ಯೂನಿಟ್ಟುಗಳಾದುವು. ಆದರೆ ಒಂದು ಚದರ ಕಿಲೋಮೀಟರಿನ ಮೇಲೆ ಒಂದೇ ಮಿಲಿಮೀಟರು ಮಳೆ ಬೀಳಬೇಕಾದರೂ ಆವಿಯು ನೀರಾಗುವಾಗ ಸುಮಾರು 7 ಲಕ್ಷ ಯೂನಿಟ್ಟುಗಳಷ್ಟು ಶಾಖವು ಆಕಾಶಕ್ಕೆ ಸೇರುತ್ತದೆ. ಸುಮಾರು 500 ಚದರ ಕಿಲೋಮೀಟರಿನ ಅಹಮದಾಬಾದ್ ನಗರದ ಮೇಲೆ ಒಂದು ಸೆಂಟಿಮೀಟರು ಮಳೆ ಸುರಿಯಿತೆಂದರೆ, ಆ ಸ್ಥಾವರವು ಸುಮಾರು ಎರಡು ವರ್ಷ ತಿರುಗಿ ಉತ್ಪಾದಿಸುವಷ್ಟು ಶಕ್ತಿಯನ್ನು ಮೋಡವು ಒಂದು ಸಂಜೆಯಲ್ಲಿ ವ್ಯಯಿಸಿರುತ್ತದೆ. ಇಂಥ ಮೋಡವನ್ನು ಈ ಯಂತ್ರ ಅಟ್ಟುವುದೆಂಬುದು, ಬೀಸಣಿಗೆ ಹಿಡಿದು ಸಾಬರಮತಿಯ ಪ್ರವಾಹವನ್ನು ಹಿಂದಿರುಗಿಸಿದೆನೆಂದು ಹೇಳಿದಂತೆಯೇ ಸರಿ.

ಯಂತ್ರಗಳು ಗಾಳಿಯಲ್ಲಿ ಏನನ್ನೂ ಮಾಡವೆಂದು ನಾನು ಹೇಳುತ್ತಿಲ್ಲ. ಅವುಗಳ ಹಿಂದೆ ಕೆಲವೊಮ್ಮೆ ಹತ್ತಾರು ಕಿಲೋಮೀಟರುಗಳವರೆಗೆ ಗಾಳಿಯು ಮಂದವೂ ಕಲಕಿದ್ದೂ ಆಗಿರುವುದುಂಟು. 2008ರ ಫೆಬ್ರುವರಿಯಲ್ಲಿ ಡೆನ್ಮಾರ್ಕಿನ ಹಾರ್ನ್ಸ್ ರೆವ್ ಎಂಬಲ್ಲಿ ಪ್ರತಿಯೊಂದು ಯಂತ್ರದ ಬೆನ್ನಿಗೂ ಮಂಜಿನ ಬಾಲ ಮೂಡಿದ್ದ ಚಿತ್ರವು ಲೋಕವಿಖ್ಯಾತವಾಯಿತು. ಅಲ್ಲಿ ನಡೆದದ್ದು ತಂಪಾದ ಮತ್ತು ಬೆಚ್ಚನೆಯ ಆರ್ದ್ರ ಗಾಳಿಗಳ ಮಿಶ್ರಣದಿಂದ ಮಂಜು ಹುಟ್ಟಿದ್ದೇ ಹೊರತು ಮೋಡ ಓಡಿದ್ದಲ್ಲ. ಈ ಪರಿಮಿತ ಸತ್ಯವನ್ನು ಹಿಗ್ಗಿಸಿ ಒಂದು ರಾಜ್ಯದ ಮುಂಗಾರಿಗೆ ಹೊದಿಸುವುದು ವಿವೇಚನೆಯಲ್ಲ.

ಹಾಗಾದರೆ ಗದಗಿನಲ್ಲಿಯೂ ಸಾಂಗ್ಲಿಯಲ್ಲಿಯೂ ಜನರು ಕಂಡದ್ದು ಏನನ್ನು? ಅವರು ಕಂಡದ್ದು ನಿಜವನ್ನೇ. ಜೋಡಿಸಿದ್ದು ಮಾತ್ರ ತಲೆಕೆಳಗಾಗಿ. ಘಟ್ಟವನ್ನೇರುವಾಗ ಮಳೆಯನ್ನೆಲ್ಲ ಕಳೆದುಕೊಂಡು, ವೇಗವನ್ನು ಮಾತ್ರ ಉಳಿಸಿಕೊಂಡು ಬರುವ ಗಾಳಿಯ ಸೀಮೆ ಅದು. ಗಾಳಿ ಬಲವಾಗಿ ಮಳೆ ಕಡಮೆಯಾದ ನೆಲವನ್ನು ಹುಡುಕಿಕೊಂಡು ಯಂತ್ರಗಳು ಬಂದುವು. ಬರವು ಯಂತ್ರದ ಹಿಂದೆ ಬಂದದ್ದಲ್ಲ, ಯಂತ್ರವೇ ಬರದ ಸೀಮೆಗೆ ಬಂದದ್ದು. ಇಷ್ಟಕ್ಕೂ ತೃಪ್ತರಾಗದವರು ಕಛ್ ಮತ್ತು ಸೌರಾಷ್ಟ್ರಗಳತ್ತ ನೋಡಬಹುದು. ಗುಜರಾತಿನಲ್ಲಿ ನೆಲದ ಮೇಲಿನ ಪವನವಿದ್ಯುತ್ತಿನ ಸಾಮರ್ಥ್ಯವು ಇಂದು 12,000 ಮೆಗಾವಾಟನ್ನು ಮೀರಿದ್ದು, ಯಂತ್ರಗಳ ಬಹುಪಾಲು ಆ ಎರಡು ಪ್ರಾಂತಗಳಲ್ಲಿಯೇ ಇವೆ. ಹವಾಮಾನ ಇಲಾಖೆಯು 1989ರಿಂದ 2018ರವರೆಗಿನ ಮಳೆಯನ್ನು ಪರಿಶೀಲಿಸಿದಾಗ ಭಾರೀ ಮಳೆಯ ದಿನಗಳು ಗಮನಾರ್ಹವಾಗಿ ಹೆಚ್ಚಿದ್ದು ಅಲ್ಲಿಯೇ. ಯಂತ್ರಕ್ಕೆ ಮೋಡವನ್ನಟ್ಟುವ ಶಕ್ತಿಯಿದ್ದಲ್ಲಿ 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿಯು ಉಕ್ಕಿ ವಡೋದರಾದ ಬೀದಿಗಳಿಗೆ ಮೊಸಳೆಗಳನ್ನು ತಂದುಬಿಟ್ಟ ದಿನ ಅದು ಎಲ್ಲಿ ಅಡಗಿತ್ತು?

ಕಡಲಿನ ಬಗೆಗಿನ ಉಳಿದ ಭ್ರಮೆಗಳಿಗೆ ಒಂದೆರಡು ವಾಕ್ಯಗಳು ಸಾಕು. ಅರಬ್ಬಿ ಸಮುದ್ರ ಸಾಧು, ಚಂಡಮಾರುತವೇನಿದ್ದರೂ ಬಂಗಾಳಕೊಲ್ಲಿಯದು ಎನ್ನುವವರು 1998ರ ಚಂಡಮಾರುತದಿಂದ ಕಾಂಡ್ಲಾದ ಸಾವಿರಾರು ಮನೆಗಳಿಗೆ ಬಂದ ಶೋಕವನ್ನೂ, 2021ರ ತೌಕ್ತೆಯನ್ನೂ, 2023ರ ಬಿಪರ್‌ಜಾಯ್ ಅನ್ನೂ ಮರೆತವರು. 2001ರಿಂದ 2019ರವರೆಗೆ ಈ ಸಮುದ್ರದ ಚಂಡಮಾರುತಗಳು ಹಿಂದಿನ ಅಷ್ಟೇ ಅವಧಿಗಿಂತ ನೂರಕ್ಕೆ 52ರಷ್ಟು ಹೆಚ್ಚಿದುವೆಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ವಡೋದರಾವನ್ನು ಮುಳುಗಿಸಿದ ವಾಯುಭಾರ ಕುಸಿತವೇ ಕಛ್‌ನಿಂದ ಕಡಲಿಗಿಳಿದು ಅಸ್ನಾ ಚಂಡಮಾರುತವಾಯಿತು. ಆಗಸ್ಟ್ ತಿಂಗಳಿನಲ್ಲಿ ಈ ಸಮುದ್ರವು 1976ರ ತರುವಾಯ ಅಂಥದನ್ನು ಕಂಡಿರಲಿಲ್ಲ. ಕಂಬ ನೆಟ್ಟೊಡನೆ ಮೀನುಗಳೆಲ್ಲ ಪಲಾಯನ ಮಾಡುವುವೆಂಬುದೂ ಸುಳ್ಳು, ನೀರೊಳಗಿನ ಕಂಬಗಳ ಬುಡದಲ್ಲಿ ಚಿಪ್ಪಿಯ ಜೀವಿಗಳು ನೆಲಸಿ ಮೀನುಗಳನ್ನು ಆಕರ್ಷಿಸುವುದುಂಟು. ಕಂಬವನ್ನು ಬಡಿದು ಇಳಿಸುವಾಗಿನ ಸದ್ದು ಜಲಚರಗಳಿಗೆ ಹಿಂಸೆಯೆಂಬುದು ಮಾತ್ರ ನಿಜ. ಕಡಲಿನ ಅಂಚು ಅಚಲವೆನ್ನುವವರು ಕನ್ನಡಿಗರಾದ ಎಸ್. ಆರ್. ರಾವ್ ಅವರು 1955ರಿಂದ ಅಗೆಸಿ ನೌಕಾಂಗಣವೆಂದು ಗುರುತಿಸಿದ ಪ್ರಾಚೀನ ಲೋಥಲಿನ ಇಟ್ಟಿಗೆಯ ಕಟ್ಟೆಯನ್ನು ಹೋಗಿ ನೋಡಲಿ. ಕೊಲ್ಲಿಯು ಅದನ್ನು ಬಿಟ್ಟು ಬಹುದೂರ ಹಿಂದೆ ಸರಿದಿದೆ.

ಕಡಲೆಂಬುದು ಯಾರದೂ ಅಲ್ಲದ ಬರಿಯ ಬಯಲೆಂಬುದು ಇವೆಲ್ಲಕ್ಕಿಂತ ಅಪಾಯಕರವಾದ ಭ್ರಮೆ. ಏಕೆಂದರೆ ಇದನ್ನು ನಂಬುವವರಲ್ಲಿ ಅಧಿಕಾರಿಗಳೂ ಇದ್ದಾರೆ. ಹತ್ತು ಮೀಟರಿಗೂ ಮಿಕ್ಕಿ ಭರತವೇಳುವ ಈ ಕೊಲ್ಲಿಯಲ್ಲಿ ಹಜೀರಾ ಮತ್ತು ದಹೇಜ್ ಬಂದರುಗಳ ಹಡಗುದಾರಿಗಳಿವೆ, ಒಡೆಯುವ ಸಲುವಾಗಿ ಅಲಂಗಿಗೆ ಬರುವ ಹಳೆಯ ಹಡಗುಗಳಿವೆ, ಕೊಳವೆಗಳಿವೆ, ಜಾಫರಾಬಾದಿನಿಂದ ಹೊರಡುವ ದೋಣಿಗಳ ಬಲೆಗಳಿವೆ. ಯಾರಿಗೆ ಎಲ್ಲಿ ಎಷ್ಟು ಎಂಬುದನ್ನು ಮೊದಲೇ ನಕಾಶೆಯ ಮೇಲೆ ನಿರ್ಣಯಿಸುವ ಕಡಲಯೋಜನೆಯನ್ನು ನಾರ್ವೆಯ ಸಹಕಾರದಿಂದ ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ಪ್ರಯೋಗರೂಪವಾಗಿ ಕೈಗೊಳ್ಳಲಾಗಿದೆ. ಮೊದಲನೆಯ ಯಂತ್ರ ಬರಬೇಕಾದ ಈ ಕೊಲ್ಲಿಗೇ ಅದು ಹೆಚ್ಚು ಅವಶ್ಯಕ.

ಮೌಢ್ಯವು ಅಜ್ಞಾನದಿಂದ ಹುಟ್ಟುವುದೆಂದು ನಮ್ಮ ಹಿರಿಯರು ತಿಳಿದಿದ್ದರು; ಈಗ ಅದು ಆಲಸ್ಯದಿಂದಲೂ ಹುಟ್ಟುತ್ತದೆ. ಯಂತ್ರವು ಮೋಡವನ್ನಟ್ಟುವುದೆಂದು ಒಂದು ಗುಂಪು ನಂಬುತ್ತದೆ, ಘೋಷಣೆಯಾದೊಡನೆ ಯಂತ್ರ ತಿರುಗಿತೆಂದು ಇನ್ನೊಂದು ಗುಂಪು ನಂಬುತ್ತದೆ. ಪರೀಕ್ಷಿಸುವ ಶ್ರಮವನ್ನು ಇಬ್ಬರೂ ವಹಿಸುವುದಿಲ್ಲ. ಈ ಗದ್ದಲದಲ್ಲಿ, ಕಂಬಗಳ ನಡುವೆ ಬಲೆ ಬೀಸಬಹುದೇ, ಬೀಸಕೂಡದಾದರೆ ಪರಿಹಾರವೆಷ್ಟು, ಕೇಬಲು ಯಾವ ದಾರಿಯಲ್ಲಿ ದಡಕ್ಕೆ ಬರುತ್ತದೆ ಎಂಬ ನ್ಯಾಯವಾದ ಪ್ರಶ್ನೆಗಳು ಯಾರ ಕಿವಿಗೂ ಬೀಳದೆ ಹೋಗುತ್ತವೆ. ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ಮೋಡದ ಮಾತು ಬಂದಾಗ ಹವಾಮಾನ ಇಲಾಖೆಯ ಮಳೆಯ ಲೆಕ್ಕವನ್ನು ನೋಡಿರಿ, ಯೋಜನೆಯ ಮಾತು ಬಂದಾಗ ಕೊಲ್ಲಿಯ ನಕಾಶೆಯನ್ನು ಕೇಳಿರಿ, ಅದರಲ್ಲಿ ಮೀನುಗಾರನಿಗೆ ಎಷ್ಟು ನೀರನ್ನು ಉಳಿಸಿದ್ದಾರೆಂದು ವಿಚಾರಿಸಿರಿ.