ತಾರಸಿ ಮಾಲೀಕರದು, ಸೆಕೆ ಬಾಡಿಗೆಯವರದು

ಏಪ್ರಿಲ್ ತಿಂಗಳಲ್ಲಿ ಬೆಳಗ್ಗೆ ಒಂಬತ್ತಕ್ಕೇ ಬೆಂಗಳೂರಿನ ಅಂಚಿನ ಮಾಕಳಿಯ ಬಿಸಿಲು ಚುರುಗುಟ್ಟುತ್ತದೆ. ತುಮಕೂರು ರಸ್ತೆಯಲ್ಲಿ ಲಾರಿಗಳು ನೆಲಮಂಗಲದ ಕಡೆ ಒಂದರ ಹಿಂದೊಂದು ಸಾಗುತ್ತಿರುತ್ತವೆ. ಹಿಮಾಲಯ ಕಾರ್ಖಾನೆ ದಾಟಿ ಒಳಗಿನ ಅಡ್ಡರಸ್ತೆಗೆ ಹೊರಳಿದರೆ ಮರಳಿನ ಗುಡ್ಡೆ, ಸಾಲಿಡ್ ಬ್ಲಾಕುಗಳ ಅಟ್ಟಿ, ಸೆಂಟ್ರಿಂಗ್ ಹೊಡೆಯುವ ಸದ್ದು. 2024ರ ನವೆಂಬರ್‌ನಲ್ಲಿ ಮೆಟ್ರೊ ಹಸಿರು ಮಾರ್ಗ ಪಕ್ಕದ ಮಾದಾವರದವರೆಗೆ ಬಂದಿದೆ. ಊರು ಮೇಲಕ್ಕೆ ಬೆಳೆಯುತ್ತಲೇ ಇದೆ.

ಇಲ್ಲಿನ ಮನೆಯ ಲೆಕ್ಕ ಗೊತ್ತಿರುವಂಥದ್ದೇ: ಮೂವತ್ತು ನಲವತ್ತರ ಸೈಟು, ಕೆಳಗೆ ಮಾಲೀಕರ ಸಂಸಾರ, ಮೊದಲ ಮಹಡಿಯಲ್ಲಿ ಎರಡು ಬಾಡಿಗೆ ಮನೆ, ಅದರ ಮೇಲೆ ಸಿಂಗಲ್ ರೂಮುಗಳು. ತಾರಸಿ ಹತ್ತಿದರೆ ಕಪ್ಪು ನೀರಿನ ಟ್ಯಾಂಕು, ಒಣಹಾಕಿದ ಯೂನಿಫಾರ್ಮು, ಸೀರೆಯ ಮೇಲೆ ಸಂಡಿಗೆ, ಮೂಲೆಯಲ್ಲಿ ಸೋಲಾರ್ ವಾಟರ್ ಹೀಟರ್. ಅದರ ಗಾಜಿನ ಕೊಳವೆಗಳಿಗೆ ಗಾಢವಾದ ಲೇಪ. ಬಿಸಿಲು ಹೀರಿ ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ.

ಈ ಹೀಟರು ಬೆಂಗಳೂರಿನ ತಾರಸಿಗಳಿಗೆ ತಾನಾಗಿ ಬಂದದ್ದಲ್ಲ. 2007ರಲ್ಲಿ ರಾಜ್ಯ ಸರ್ಕಾರ ನಗರದ ಹೊಸ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಹಾಕಿಸಿದವರಿಗೆ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಸಿಗುತ್ತಿತ್ತು. ಮೊತ್ತ ಚಿಕ್ಕದು, ಆದರೆ ನಿಯಮವೂ ರಿಯಾಯಿತಿಯೂ ಜೊತೆಗೂಡಿದ್ದರಿಂದ ಊರಿನ ಅಭ್ಯಾಸವೇ ಬದಲಾಯಿತು.

ಈಗ ಅದೇ ತಾರಸಿಗೆ ಸೋಲಾರ್ ಫಲಕಗಳ ಸರದಿ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟ್‌ವರೆಗೆ ಕಿಲೋವಾಟ್‌ಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನ. ಆನ್‌ಲೈನ್ ಅರ್ಜಿ, ಬೆಸ್ಕಾಂ ಪರಿಶೀಲನೆ, ಕೊನೆಗೆ ಗೋಡೆಗೆ ನೆಟ್ ಮೀಟರು. ಮನೆಗೆ ಬಂದ ಕರೆಂಟು, ಮನೆಯಿಂದ ಲೈನಿಗೆ ಹೋದ ಕರೆಂಟು ಎರಡನ್ನೂ ಅದು ಎಣಿಸುತ್ತದೆ. ಒಂದು ಕಿಲೋವಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ನೂರು ಚದರಡಿ ಜಾಗ ಕೇಳುತ್ತದೆ. ಆದರೂ 2023ರ ಆಗಸ್ಟ್‌ನಿಂದ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಕಾಣುತ್ತಿರುವ ಮನೆಗೆ ಸಾಲ ಮಾಡಿ ಫಲಕ ಹಾಕಿಸುವ ಅವಸರವೇನೂ ಇಲ್ಲ.

ಇನ್ನು ತಾರಸಿಯ ಕೆಳಗಿನ ರೂಮಿಗೆ ಬನ್ನಿ. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗ ಕಿಟಕಿಗೆ ಲುಂಗಿ ಕಟ್ಟಿ, ನೆಲ ಒರೆಸಿ, ಒದ್ದೆ ನೆಲದ ಮೇಲೇ ಚಾಪೆ ಹಾಸಿದ್ದಾನೆ. ಕಿಟಕಿ ಒಂದೇ, ಅದಕ್ಕೆ ಸಜ್ಜಾ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮೋಲ್ಡು ಕಾದ ಕಾವಲಿ. ಫ್ಯಾನು ಮೇಲಿನ ಬಿಸಿಗಾಳಿಯನ್ನೇ ಕೆಳಕ್ಕೆ ತಳ್ಳುತ್ತದೆ. ಹಗಲು ಹೀರಿದ ಶಾಖವನ್ನು ಕಾಂಕ್ರೀಟು ಸಂಜೆಯ ಮೇಲೂ ಬಿಟ್ಟುಕೊಡುತ್ತಲೇ ಇರುತ್ತದೆ. ಬೆವರಿನಲ್ಲಿ ಹೊರಳಾಡಿದ ಹುಡುಗ ಸಂಜೆ ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. ನಿದ್ದೆಗೆಟ್ಟ ಕೈ ಯಂತ್ರದ ಬಳಿ ಎಷ್ಟು ಅಪಾಯವೆಂದು ದುಡಿಯುವವರಿಗೆಲ್ಲ ಗೊತ್ತು.

ಫಲಕದ ಸಹಾಯಧನವನ್ನು ಅವನು ಕೇಳುವಂತಿಲ್ಲ, ತಾರಸಿ ಅವನದಲ್ಲ. ಮಾಲೀಕರಿಗೆ ಖರ್ಚು ಮಾಡುವ ಕಾರಣವಿಲ್ಲ, ಸೆಕೆ ಅವರದಲ್ಲ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಂದ ಇಕೋ ನಿವಾಸ್ ಸಂಹಿತೆ ಗೋಡೆ, ಕಿಟಕಿ, ಛಾವಣಿಯಿಂದ ಒಳಬರುವ ಶಾಖಕ್ಕೆ ಮಿತಿ ಹಾಕಿದೆ ನಿಜ. ಆದರೆ ಅದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಮೂವತ್ತು ನಲವತ್ತರ ಸೈಟು ಸುಮಾರು 111 ಚದರ ಮೀಟರ್.

ಪರಿಹಾರ ದುಬಾರಿಯದಲ್ಲ. ತಾರಸಿಗೆ ಬಿಳಿಯ ಲೇಪ ಬಳಿದರೆ ಬಿಸಿಲಿನ ದೊಡ್ಡ ಪಾಲು ಅಲ್ಲಿಂದಲೇ ಹಿಂದಿರುಗುತ್ತದೆ. ಕಿಟಕಿಗೆ ಎರಡಡಿ ಸಜ್ಜಾ, ಎದುರು ಗೋಡೆಗೊಂದು ವೆಂಟಿಲೇಟರು ಬೇಕು. ಎಪ್ಪತ್ತೈದು ವಾಟ್ ತಿನ್ನುವ ಹಳೇ ಫ್ಯಾನಿನ ಜಾಗದಲ್ಲಿ ಮೂವತ್ತು ವಾಟ್‌ನ ಬಿಎಲ್‌ಡಿಸಿ ಫ್ಯಾನು ಸಾಕು. ಮೂರು ಕಿಲೋವಾಟ್ ಫಲಕ ಮುನ್ನೂರು ಚದರಡಿ ಮೋಲ್ಡಿಗೆ ನೆರಳಾಗುತ್ತದೆ. ಮಾಲೀಕರಿಗೆ ಕರೆಂಟು ಕೊಡುವ ಅದೇ ಫಲಕ ಬಾಡಿಗೆಯವನಿಗೆ ತಂಪನ್ನೂ ಕೊಡಬಲ್ಲದು.

ವಾಟರ್ ಹೀಟರಿಗೆ ಒಮ್ಮೆ ಮಾಡಿದ್ದನ್ನೇ ಈಗ ಛಾವಣಿಗೂ ಮಾಡಬೇಕು. ಪ್ಲಾನಿಗೆ ಮಂಜೂರಾತಿ ಕೊಡುವವರು ಮೇಲಿನ ಮಹಡಿಗೆ ಬಿಳಿ ತಾರಸಿ, ಸಜ್ಜಾ, ಎದುರು ಬದರು ಗಾಳಿಗಂಡಿ ಕಡ್ಡಾಯ ಮಾಡಲಿ. ಅಷ್ಟನ್ನೂ ಮಾಡಿದ ಮಾಲೀಕರಿಗೆ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಇರಲಿ. ಕೈಗಾರಿಕೆಗಳನ್ನು ನಡೆಸುತ್ತಿರುವುದು ಈ ರೂಮುಗಳಲ್ಲಿ ಮಲಗೇಳುವ ಜನ. ಕಣ್ತುಂಬ ನಿದ್ದೆ ಅವರು ಬೇಡಿ ಪಡೆಯಬೇಕಾದ ಸವಲತ್ತಲ್ಲ. ಕೊಡುವ ಬಾಡಿಗೆಯಲ್ಲಿ ಅದೂ ಸೇರಿರಬೇಕು.