ಕರಿಮಣಿ ಬಂದ ದಾರಿ

ಕರಿಮಣಿಯ ಸರ ಹರಿಯಿತೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ; ‘ಸರ ಹೆಚ್ಚಿತು’ ಎಂಬುದು ಅಜ್ಜಿಯ ಮಾತು. ಹಾಗೆ ಹೆಚ್ಚಿದ ದಿನ, ಮಧ್ಯಾಹ್ನದ ಊಟ ಮುಗಿದು, ಪಾತ್ರೆಗಳ ಸದ್ದಡಗಿ, ಪಡಸಾಲೆಯ ಬಾಗಿಲಿನಿಂದ ಬಿಸಿಲು ಒಂದು ಮೊಳ ಒಳಗೆ ಸರಿದು ಬಂದ ಮೇಲೆ, ಆಕೆ ಮೊರದಲ್ಲಿ ಹಳೆಯ ಪಂಚೆಯ ತುಂಡೊಂದನ್ನು ಹಾಸಿ, ಅದರ ಮೇಲೆ ಮಣಿಗಳನ್ನು ಸುರಿದುಕೊಂಡು ಕುಳಿತುಕೊಳ್ಳುವಳು. ಮನೆಯಲ್ಲಿದ್ದ ಯಾವ ಸೂಜಿಯೂ ಆ ಮಣಿಯ ಕಣ್ಣಿನಲ್ಲಿ ತೂರುತ್ತಿರಲಿಲ್ಲವಾದುದರಿಂದ, ನೂಲನ್ನು ತೊಡೆಯ ಮೇಲೆ ಹೊಸೆದು, ತುದಿಗೆ ಜೇನುಮೇಣವನ್ನು ಸವರಿ, ಹೆಬ್ಬೆರಳು ತೋರುಬೆರಳುಗಳ ನಡುವೆ ತೀಡಿ ತೀಡಿ, ಆ ನೂಲಿನ ಮೊನೆಯನ್ನೇ ಸೂಜಿಯಾಗಿ ಮಾಡಿಕೊಳ್ಳುವಳು. ನೆಲದ ಸಂದಿಗೆ ಉರುಳಿಹೋದ ಮಣಿಗಳನ್ನು ಒದ್ದೆ ಬೆರಳಿನಿಂದ ಒತ್ತಿ ಎತ್ತಿಕೊಡುವುದು ನನ್ನ ಪಾಲಿನ ಕೆಲಸ. ಚಿನ್ನದ ಗುಂಡು ಎರಡು, ಹವಳ ಒಂದು, ಉಳಿದುದೆಲ್ಲವೂ ಗಾಜು.

ಒಮ್ಮೆ ಅಂಥದೊಂದು ಮಣಿಯನ್ನು ಬಿಸಿಲಿಗೆ ಹಿಡಿದು ನೋಡಿದಾಗ ಅದು ಕಪ್ಪಾಗಿರಲಿಲ್ಲ. ಒಳಗೆಲ್ಲ ನೇರಳೆಹಣ್ಣಿನ ರಸದಂತಹ ಗಾಢವಾದ ವರ್ಣ ತುಂಬಿತ್ತು. “ಅಜ್ಜಿ, ಇದನ್ನು ಯಾರು ಮಾಡಿದ್ದು?” ಎಂದು ಕೇಳಿದೆ. “ಬಳೆಗಾರ ತಂದುಕೊಟ್ಟ ಕಣೋ, ಅವನಿಗೆ ಯಾರು ಕೊಟ್ಟರೋ ನಾನೇನು ಬಲ್ಲೆ?” ಎಂದಳು. ಆ ಪ್ರಶ್ನೆಯನ್ನು ನಾನು ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದೇನೆ. ಚಿನ್ನದ ಚರಿತ್ರೆಯನ್ನು ಬರೆದವರು ಅನೇಕರುಂಟು. ಚಿನ್ನವಿಲ್ಲದವಳ ಕೊರಳಿಗೂ ಮಂಗಳವಾಗಿ ನಿಂತ ಈ ಸಾಸಿವೆಯಷ್ಟರ ವಸ್ತುವಿನ ಚರಿತ್ರೆಯಾದರೋ ಚಿನ್ನದ್ದಕ್ಕಿಂತ ಕಡಮೆ ಉಜ್ಜ್ವಲವಾದುದಲ್ಲ.

ಮಣಿಗೆ ಬೇಕಾದ ಮೂಲದ್ರವ್ಯಗಳು ಮರಳು ಮತ್ತು ಕ್ಷಾರ. ಮರಳೊಂದನ್ನೇ ಕರಗಿಸಹೊರಟರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕಟ್ಟಿಗೆಯ ಕುಲುಮೆಗೆ ಅದು ನಿಲುಕದು. ಆದರೆ ಅಗಸರು ಬಟ್ಟೆಗೆ ಬಳಸುತ್ತಿದ್ದ ಚೌಳುಮಣ್ಣಿನ ಸಾರವನ್ನು ಅದರೊಡನೆ ಬೆರೆಸಿದಲ್ಲಿ ಮರಳು ಬಹಳ ಕಡಮೆ ಶಾಖಕ್ಕೇ ಮೆತ್ತಗಾಗಿ ಬಾಗುತ್ತದೆ. ಬೇಸಾಯಕ್ಕೆ ಒದಗದ, ಬೆಳ್ಳಗೆ ಉಪ್ಪು ಉಕ್ಕಿದ ಬಂಜರು ನೆಲವೇ ಗಾಜಿನ ತವರು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಬಣ್ಣವನ್ನು ಕೊಡುವುದು ಲೋಹಗಳು: ತಾಮ್ರದಿಂದ ಹಸುರು, ನೀಲಿ, ಕೆಂಪು; ಕಬ್ಬಿಣ ಮತ್ತು ಮ್ಯಾಂಗನೀಸುಗಳು ಮಿತಿಮೀರಿ ಸೇರಿದಾಗ ಕಪ್ಪು. ನಾನು ಬಿಸಿಲಿನಲ್ಲಿ ಕಂಡ ನೇರಳೆಯು ಮ್ಯಾಂಗನೀಸಿನ ಗುರುತು.

ಈ ವಿದ್ಯೆ ಕನ್ನಡನಾಡಿಗೆ ಹೊರಗಿನದೇನೂ ಅಲ್ಲ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್, ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಊರ ಕೋಟೆಗೋಡೆಯ ಒಳಮೈಗೆ ಆನಿಸಿ ಕಟ್ಟಿದ ಎತ್ತರದ ಜಗತಿಯಲ್ಲಿ, ಸುಮಾರು 8 ಅಡಿ ಅಗಲ, 10 ಅಡಿ ಎತ್ತರದ ಗುಮ್ಮಟದಾಕಾರದ ಒಲೆಗಳು. ಅವುಗಳಿಂದ ಹೊರಡುತ್ತಿದ್ದುದು ಹಸುರು, ಕೆಂಪು, ಕಪ್ಪು, ನೀಲಿ, ಹಳದಿ ಎಂಬ ಐದು ಬಣ್ಣದ ಗಾಜು. ಮತ್ತೋಡಿನವರು ಮಾಡುತ್ತಿದ್ದುದು ಮುಖ್ಯವಾಗಿ ಬಳೆ. ಆದರೂ ಬಳೆ ಮತ್ತು ಮಣಿ ಒಂದೇ ಒಲೆಯ ಮಕ್ಕಳೆಂದು ಹೇಳಲು ಅಡ್ಡಿಯಿಲ್ಲ. ಆ ಒಲೆಗಳು ಆರಿ ಎಷ್ಟೋ ಕಾಲವಾಯಿತು. ಒಂದು ಊರಿನ ಬೆಂಕಿ ಹೀಗೆ ಆರಿಹೋದುದು ಸಣ್ಣ ನಷ್ಟವೆಂದು ನಾನು ತಿಳಿಯಲಾರೆ.

ಮಣಿಯ ಜಾಡನ್ನು ಇನ್ನೂ ಹಿಂದಕ್ಕೆ ಹಿಡಿದು ನಡೆದರೆ ಅದು ಪುದುಚೇರಿಯ ಬಳಿ ಅರಿಯಾಂಕುಪ್ಪಂ ನದಿಯ ದಡಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಅರಿಕಮೇಡು ಎಂಬ ಆ ದಿಬ್ಬದಲ್ಲಿ ಆಡುತ್ತಿದ್ದ ಮಕ್ಕಳು ಮಣ್ಣಿನಲ್ಲಿ ದೊರೆತ ಬಣ್ಣಬಣ್ಣದ ಮಣಿಗಳನ್ನು ಆಯ್ದುಕೊಳ್ಳುತ್ತಿದ್ದರು. ಅವುಗಳನ್ನು 1930ರ ದಶಕದಲ್ಲಿ ಅವರಿಂದ ಕೊಂಡು ಪರಿಶೀಲಿಸಿದವನು ಫ್ರೆಂಚ್ ವಿದ್ವಾಂಸ ಜೂವೋ ದುಬ್ರೆಯ್. 1945ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಉತ್ಖನನ ನಡೆಸಿ, ರೋಮಿನೊಡನೆ ವ್ಯಾಪಾರ ಮಾಡುತ್ತಿದ್ದ ರೇವುಪಟ್ಟಣವೊಂದನ್ನು ಬೆಳಕಿಗೆ ತಂದನು. ಎರಡು ವರ್ಷಗಳ ತರುವಾಯ ಅದೇ ವ್ಹೀಲರ್ ನಮ್ಮ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆಸಿದಾಗ ಅಲ್ಲಿಯೂ ಮಣಿಗಳು ದೊರೆತವು. ಅರಿಕಮೇಡಿನಲ್ಲಿ ಸಿಕ್ಕ ಗಾಜಿನ ಚೂರು, ಕೊಳವೆ, ಅರೆಗೆಲಸದ ಮಣಿಗಳು, ಅವು ಅಲ್ಲಿಯೇ ತಯಾರಾಗುತ್ತಿದ್ದುವೆಂಬುದಕ್ಕೆ ಸಾಕ್ಷಿ.

ಮಾಡುತ್ತಿದ್ದ ಬಗೆ ಹೇಗೆ? ಇದನ್ನು ತಿಳಿಯಲು ಭೂಮಿಯನ್ನು ಅಗೆಯಬೇಕಾದ ಪ್ರಮೇಯ ಬೀಳಲಿಲ್ಲ. ತಿರುಪತಿ ಮತ್ತು ಶ್ರೀಕಾಳಹಸ್ತಿಗಳ ನಡುವಣ ಪಾಪಾನಾಯುಡುಪೇಟೆ ಎಂಬ ಹಳ್ಳಿಯಲ್ಲಿ ಅದೇ ಕ್ರಮವು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿಯೂ ನಡೆಯುತ್ತಿದ್ದು, ಅಮೆರಿಕದ ಮಣಿಶೋಧಕ ಪೀಟರ್ ಫ್ರಾನ್ಸಿಸ್ ಅದನ್ನು ಕಣ್ಣಾರೆ ಕಂಡು ದಾಖಲಿಸಿದನು. ‘ಲಾಡ’ ಎಂದು ಕರೆಯುವ ಉದ್ದನೆಯ ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ, ಒಬ್ಬನಿಂದ ಎತ್ತಲಾಗದಷ್ಟು ಭಾರದ ಮೆತ್ತನೆಯ ಗಾಜಿನ ಮುದ್ದೆಯನ್ನು ಸುತ್ತಿ, ಉರುಳಿಸಿ ಉರುಳಿಸಿ ಶಂಕುವಿನ ಆಕಾರಕ್ಕೆ ತಂದು, ಕೊಳವೆಯೊಳಗಿನಿಂದ ಸಲಾಕೆಯನ್ನು ನೂಕಿ ಮುದ್ದೆಯ ನಡುವೆ ರಂಧ್ರವನ್ನು ಮಾಡಿ, ಕುಲುಮೆಯ ಬಾಯಲ್ಲಿ ಇಡುವರು. ಎದುರುಬದಿಯಲ್ಲಿ ಕುಳಿತ ಹಿರಿಯ ಕುಶಲಿಯು ಕೊಕ್ಕೆಯೊಂದರಿಂದ ಆ ಶಂಕುವಿನ ಮೊನೆಯನ್ನು ಹಿಡಿದೆಳೆದು, ಅಲ್ಲಿಂದ ಮುಂದೆ ಬರಿಯ ಕೈಗಳಿಂದ, ತಾಸುಗಟ್ಟಲೆ ಎಡೆಬಿಡದೆ, ಕಡ್ಡಿಯಷ್ಟು ಸಣ್ಣನೆಯ ಕೊಳವೆಯನ್ನು ಎಳೆಯುತ್ತಲೇ ಇರುವನು. ಎಳೆತದ ವೇಗ ಹೆಚ್ಚಿದರೆ ಕೊಳವೆ ನೂಲಿನಂತಾಗುತ್ತದೆ, ತಗ್ಗಿದರೆ ದಪ್ಪವಾಗುತ್ತದೆ; ಅಳತೆಗೋಲು ಅವನ ಬೆರಳುಗಳಲ್ಲದೆ ಬೇರಿಲ್ಲ. ಮುದ್ದೆಗೆ ಒಮ್ಮೆ ಕೊಟ್ಟ ರಂಧ್ರವು ಎಷ್ಟು ಮಾರು ಎಳೆದರೂ ಮುಚ್ಚಿಕೊಳ್ಳದೆ ಕೊನೆಯ ಮಣಿಯವರೆಗೂ ಬರುವುದೇ ಈ ವಿದ್ಯೆಯ ಜೀವ. ಒಂದೊಂದು ಮಣಿಗೂ ಬೇರೆ ಬೇರೆಯಾಗಿ ಕಣ್ಣು ಕೊರೆಯುವ ಶ್ರಮ ತಪ್ಪಿದುದರಿಂದಲೇ ಸಾವಿರಾರು ಮಣಿಗಳು ಬಡವರ ಕೈಗೆ ನಿಲುಕುವ ಬೆಲೆಗೆ ಬಂದುವು.

ಹಾಗೆ ಎಳೆದ ಕೊಳವೆಗಳನ್ನು ಸಾಸಿವೆಯಷ್ಟು ಸಣ್ಣದಾಗಿ ಕತ್ತರಿಸಿದಾಗ ಅಂಚುಗಳು ಹರಿತವಾಗಿರುತ್ತವೆ. ಕೊರಳಿಗೆ ಗಾಯ, ನೂಲಿಗೂ ಕೇಡು. ಆದಕಾರಣ ತುಂಡುಗಳನ್ನು ಬೂದಿಯೊಡನೆ ಕಲಸಿ, ಕಣ್ಣಿನಲ್ಲಿಯೂ ಬೂದಿ ತುಂಬುವಂತೆ ಮಾಡಿ, ಮತ್ತೊಮ್ಮೆ ಕಾಯಿಸುತ್ತ ಕದಡುವರು. ಬೂದಿಯು ಮಣಿಗೆ ಮಣಿ ಅಂಟದಂತೆಯೂ ಕಣ್ಣು ಮುಚ್ಚದಂತೆಯೂ ಕಾಯುತ್ತದೆ. ಶಾಖವು ಅಂಚನ್ನು ದುಂಡಗಾಗಿಸುತ್ತದೆ. ಒಲೆಯಲ್ಲಿ ಉಳಿದ ಬೂದಿಗೆ ಇಂತಹ ಉಪಯೋಗವನ್ನು ಮೊದಲು ಕಂಡುಕೊಂಡವನ ಹೆಸರನ್ನು ಯಾವ ಶಾಸನವೂ ಬರೆಯಲಿಲ್ಲ. ನನ್ನ ಮಟ್ಟಿಗೆ ಅವನು ದೊಡ್ಡ ವಿಜ್ಞಾನಿ.

ಈ ಎಳೆಮಣಿಗಳು ಹಡಗನ್ನೇರಿ ಹೋದ ದೂರವನ್ನು ಕೇಳಿದರೆ ಬೆರಗಾಗುತ್ತದೆ. ತೆಂಕಣ ಆಫ್ರಿಕಾದ ಮಾಪುಂಗುಬ್ವೆಯ ಗೋರಿಗಳಲ್ಲಿ, ಥಾಯ್ಲೆಂಡಿನ, ವಿಯೆಟ್ನಾಮಿನ ಪ್ರಾಚೀನ ರೇವುಗಳಲ್ಲಿ, ಕೊರಿಯಾದ ಸಮಾಧಿಗಳಲ್ಲಿಯೂ ಈ ಬಗೆಯ ಮಣಿ ದೊರೆತಿದೆ. ತಿಮೋರ್ ದ್ವೀಪದಲ್ಲಿ ಇದರ ಕೆಂಪು ಜಾತಿಗೆ ‘ಮುತಿಸಾಲಾ’ ಎಂದು ಹೆಸರು. ಅಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಕುಲಧನ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಸುಮಾರಿಗೆ ಮೊದಲಾದ ಈ ವ್ಯಾಪಾರಕ್ಕೆ ಪೆಟ್ಟು ಬಿದ್ದುದು ವೆನಿಸ್ಸಿನ ಮತ್ತು ಬೊಹೇಮಿಯದ ಮಣಿಗಳು ಸಮುದ್ರಮಾರ್ಗವಾಗಿ ಬಂದು ಸಂತೆಗಳನ್ನು ತುಂಬಿದಾಗ. ನನ್ನ ಅಜ್ಜಿಯ ಸರದಲ್ಲಿಯೂ ಎರಡೂ ಕಡೆಯ ಮಣಿಗಳು ಬೆರೆತಿದ್ದಿರಬೇಕು. ಒಂದು ತೂತು ತುಸು ಓರೆ, ಇನ್ನೊಂದು ಅಚ್ಚಿಗೆ ಹೊಯ್ದಂತೆ ಸಮ.

ಮಣಿ ಎಲ್ಲಿಯದೇ ಆಗಲಿ, ಒಡವೆಯಾಗುವುದು ಪೋಣಿಸಿದಾಗಲೇ. ಉತ್ತರ ಕರ್ನಾಟಕದವರು ಇದನ್ನು ‘ಪವಣಿಸುವುದು’ ಎನ್ನುತ್ತಾರೆ. ಅಲ್ಲಿ ರೇಷ್ಮೆಯ ನೂಲಿನಲ್ಲಿ ಸರಗಳನ್ನು ಪವಣಿಸಿ, ಗಂಟು ಕಾಣದಂತೆ ಗೊಂಡೆ ಕಟ್ಟುವ ಕೆಲಸವನ್ನು ಪಟವೇಗಾರರು ಮಾಡುತ್ತ ಬಂದಿದ್ದಾರೆ. ಕವಡೆ, ಮಣಿ, ಉಣ್ಣೆಯ ದಾರ, ಹಳೆಯ ನಾಣ್ಯಗಳನ್ನು ಕೂಡಿಸಿ ಲಂಬಾಣಿ ಹೆಂಗಳೆಯರು ಮಾಡಿಕೊಳ್ಳುವ ಒಡವೆಗಳಲ್ಲಿ ಅಕ್ಕಸಾಲೆಯ ಕೈ ಸೋಕದ ಸೊಬಗಿದೆ. ಉಳಿದಂತೆ ಇದು ಮನೆಮನೆಯ ವಿದ್ಯೆಯಾಗಿತ್ತು: ತಾಯಿ ಮಗಳಿಗೆ, ಅತ್ತೆ ಸೊಸೆಗೆ ಕಲಿಸಿದ್ದು.

ಈಗ ಪೇಟೆಯಲ್ಲಿ ಕರಿಮಣಿಯೆಂದು ಪ್ಲಾಸ್ಟಿಕ್ಕಿನದೂ ಮಾರಾಟವಾಗುತ್ತಿದೆ. ಹಿರಿಯರ ಸರವೊಂದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿದ್ದು, ಅದರ ನೂಲು ಜೀರ್ಣವಾಗಿದ್ದರೆ, ಚಿನ್ನದ ಗುಂಡುಗಳನ್ನು ಬಿಡಿಸಿಕೊಂಡು ಮಣಿಗಳನ್ನು ಚೆಲ್ಲಿಬಿಡಬೇಡಿರಿ. ಭೂತಗನ್ನಡಿಯೊಂದನ್ನು ಹಿಡಿದು ನೋಡಿರಿ: ಗಾಜಿನೊಳಗಿನ ಸಣ್ಣ ಗುಳ್ಳೆಗಳು ಕಣ್ಣಿನ ದಿಕ್ಕಿಗೇ ಉದ್ದುದ್ದವಾಗಿ ಚಾಚಿಕೊಂಡಿದ್ದರೆ, ಅದು ಕುಲುಮೆಯಿಂದ ಎಳೆದ ಮಣಿ. ಅದನ್ನು ಮಕ್ಕಳಿಗೆ ತೋರಿಸಿ, ಒಂದಿಷ್ಟು ಮೇಣ ಸವರಿದ ನೂಲನ್ನು ಅವರ ಕೈಗೆ ಕೊಡಿರಿ.