ಹೆಡ್‌ಫೋನ್ ಆಂಪ್ಲಿಫೈಯರ್: ‘ಗುಂಯ್’ ಸದ್ದಿಗೆ ಮದ್ದೇನು?

ರಾತ್ರಿಯ ನಿಶ್ಶಬ್ದದಲ್ಲಿ ಹೆಡ್‌ಫೋನ್ ಧರಿಸಿ ಸಂಗೀತ ಕೇಳಲು ಕುಳಿತವರಿಗೆ ತಂಬೂರಿಯ ಶ್ರುತಿಗಿಂತ ಮೊದಲೇ ‘ಗುಂಯ್’ ಎಂಬ ಸದ್ದು ಕೇಳಿಸಿದರೆ ರಸಭಂಗವಾಗುವುದು ಸಹಜ. ಕೂಡಲೇ ದುಬಾರಿ ಐ.ಸಿ. ತಂದು ಬದಲಿಸುವವರುಂಟು. ಆದರೆ ಮೂಲವನ್ನು ಪತ್ತೆಹಚ್ಚದೆ ಮಾಡಿದ ವೆಚ್ಚ ವ್ಯರ್ಥವಾಗಬಹುದು.

ಸದ್ದು ಎಲ್ಲಿಯದು?

ಭಾರತದಲ್ಲಿ ಮನೆಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಪೂರ್ಣತರಂಗ ರೆಕ್ಟಿಫೈಯರ್ ದಾಟಿದ ಮೇಲೆ ಅದು 100 ಹರ್ಟ್ಸ್‌ನ ಏರಿಳಿತವಾಗುತ್ತದೆ. ಹೀಗಾಗಿ ಮಂದ್ರವಾದ 50 ಹರ್ಟ್ಸ್ ಸದ್ದು ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಅಥವಾ ಗ್ರೌಂಡ್ ಲೂಪ್‌ನತ್ತಲೂ, ಒರಟಾದ 100 ಹರ್ಟ್ಸ್ ಸದ್ದು ಪವರ್ ಸಪ್ಲೈನತ್ತಲೂ ಬೆರಳು ತೋರುತ್ತದೆ. ‘ಸ್ಸ್’ ಎಂಬ ಸದ್ದು ಮಾತ್ರ ಬಿಡಿಭಾಗಗಳಲ್ಲೇ ಹುಟ್ಟುವಂಥದು.

ವಾಲ್ಯೂಮ್ ಪೂರ್ತಿ ತಗ್ಗಿಸಿದರೂ ಸದ್ದು ಉಳಿದರೆ ದೋಷ ವಾಲ್ಯೂಮ್ ನಿಯಂತ್ರಕದ ನಂತರದ ಭಾಗದಲ್ಲಿ ಅಥವಾ ಪವರ್ ಸಪ್ಲೈನಲ್ಲಿದೆ ಎನ್ನಬಹುದು. ಕಂಪ್ಯೂಟರ್‌ನಿಂದ ಬರುವ ತಂತಿ ಕಿತ್ತೊಡನೆ ಸದ್ದು ನಿಂತರೆ ಗ್ರೌಂಡ್ ಲೂಪ್‌ನ ಶಂಕೆ ಬಲವಾಗುತ್ತದೆ. 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಸಿ-ಮಾಯ್ ಮಾದರಿಯ ಆಂಪ್ಲಿಫೈಯರ್‌ನಲ್ಲಿ ಇವಕ್ಕೆ ಆಸ್ಪದ ಕಡಿಮೆ.

ಮಾರ್ಪಾಡುಗಳು

ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ದೂರ ಹೋದಂತೆ ಬಹುಬೇಗ ಕ್ಷೀಣಿಸುತ್ತದೆ. ದೂರ ಇಮ್ಮಡಿಯಾದರೆ ಅದರ ಪ್ರಭಾವ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಅದನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಡುವುದು ಉತ್ತಮ.

ಎರಡನೆಯದು ಗ್ರೌಂಡ್ ತಂತಿಗಳ ಜೋಡಣೆ. ರೆಕ್ಟಿಫೈಯರ್‌ನಿಂದ ಕೆಪಾಸಿಟರ್‌ಗೆ ರಭಸವಾಗಿ ಹರಿಯುವ ವಿದ್ಯುತ್ತು ಸಂಗೀತ ಸಂಕೇತದ ಗ್ರೌಂಡ್ ತಂತಿಯಲ್ಲಿ ಹರಿಯಕೂಡದು. ಎಲ್ಲ ಗ್ರೌಂಡ್ ತಂತಿಗಳನ್ನೂ ಪ್ರತ್ಯೇಕವಾಗಿ ತಂದು, ಕೆಪಾಸಿಟರ್‌ನ ನಂತರದ ಒಂದೇ ಬಿಂದುವಿನಲ್ಲಿ ಕೂಡಿಸಬೇಕು.

ಮೂರನೆಯದು ಪವರ್ ಸಪ್ಲೈ. 100 ಮಿಲಿಆಂಪಿಯರ್ ಬಳಸುವ ಆಂಪ್ಲಿಫೈಯರ್‌ಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಸುಮಾರು 1 ವೋಲ್ಟ್‌ನಷ್ಟು ಏರಿಳಿತ ಉಳಿಯುತ್ತದೆ. ಕೆಪಾಸಿಟರ್ ಹಿಗ್ಗಿಸುವುದಕ್ಕಿಂತ ಎಲ್‌ಎಂ 317ರಂತಹ ರೆಗ್ಯುಲೇಟರ್ ಸೇರಿಸುವುದು ಹೆಚ್ಚು ಫಲಕಾರಿ. ಅದು ಏರಿಳಿತವನ್ನು ಸಾವಿರದ ಒಂದು ಪಾಲಿಗಿಂತಲೂ ಕೆಳಗಿಳಿಸಬಲ್ಲದು.

‘ಸ್ಸ್’ ಸದ್ದಿಗೆ ಮದ್ದು ಬೇರೆ. ಸೂಕ್ಷ್ಮಸಂವೇದಿ ಹೆಡ್‌ಫೋನ್‌ಗೆ ಹತ್ತು ಪಟ್ಟು ವರ್ಧನೆ ಅನಗತ್ಯ. ಫೀಡ್‌ಬ್ಯಾಕ್ ರೆಸಿಸ್ಟರ್ ಬದಲಿಸಿ ಅದನ್ನು ಮೂರು ಪಟ್ಟಿಗೆ ಇಳಿಸಿದರೆ ಸದ್ದೂ ಬಹುತೇಕ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಆದರೆ ಕಡಿಮೆ ವರ್ಧನೆಯಲ್ಲಿ ಆ ಐ.ಸಿ. ಸ್ಥಿರವಾಗಿರುವುದೇ ಎಂಬುದನ್ನು ತಯಾರಕರ ಮಾಹಿತಿ ಪತ್ರದಲ್ಲಿ ಮೊದಲು ನೋಡಿಕೊಳ್ಳಬೇಕು.

ಅರ್ತ್ ಕಿತ್ತರೆ ಅಪಾಯ

ಗ್ರೌಂಡ್ ಲೂಪ್ ತಪ್ಪಿಸಲು ಪ್ಲಗ್ಗಿನ ಮೂರನೆಯ ಪಿನ್ ತೆಗೆದುಬಿಡುವ ಅಡ್ಡದಾರಿಯೊಂದಿದೆ. ಸದ್ದು ಅಡಗಬಹುದು, ನಿಜ. ಆದರೆ ಒಳಗೆ ತಂತಿ ಸಡಿಲಗೊಂಡು ಲೋಹದ ಪೆಟ್ಟಿಗೆಗೆ ತಾಗಿದರೆ 230 ವೋಲ್ಟ್ ವಿದ್ಯುತ್ತು ಕೇಳುಗನ ಮೈಗೇ ಹರಿದೀತು. ಎರಡೂ ಉಪಕರಣಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸುವುದು, ಅದೂ ಸಾಲದಿದ್ದರೆ ಸಂಕೇತದ ಹಾದಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಳವಡಿಸುವುದು ಸುರಕ್ಷಿತ ಮಾರ್ಗ. ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ ಕಿತ್ತು, ಕೆಪಾಸಿಟರ್ ಬರಿದಾಗಿದೆಯೇ ಎಂದು ಮೀಟರ್‌ನಲ್ಲಿ ನೋಡಿಕೊಳ್ಳಲು ಮರೆಯಬಾರದು.